ಕಸುವಿನ ಅಭ್ಯಾಸ: ಬಾಲ್ಯದಿಂದ ಮುಪ್ಪಿನವರೆಗೆ

(ಪ್ರೌಢಶಾಲಾ ಹಂತದ ಗದ್ಯಪಾಠ, ಶಬ್ದಾಭ್ಯಾಸ ಮತ್ತು ತರಗತಿಯ ಚಟುವಟಿಕೆಗಳೊಂದಿಗೆ)

ಪೀಠಿಕೆ

ಕನ್ನಡದ ‘ಅಭ್ಯಾಸ’ ಎಂಬ ಪದಕ್ಕೆ ವಿಶಾಲವಾದ ಅರ್ಥವ್ಯಾಪ್ತಿಯಿದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಯೂ ಅಭ್ಯಾಸ ಮಾಡುತ್ತಾನೆ. ನಸುಕಿನಲ್ಲಿ ಗರಡಿಯ ಮಟ್ಟಿಗಿಳಿದು ದಂಡ ಹೊಡೆಯುವ ಪೈಲ್ವಾನನೂ ಅಭ್ಯಾಸ ಮಾಡುತ್ತಾನೆ. ‘ಅವರ ಗರಡಿಯಲ್ಲಿ ಪಳಗಿದವರು’ ಎಂಬ ಮಾತನ್ನು ಸಂಗೀತಗಾರರಿಗೂ ಪತ್ರಕರ್ತರಿಗೂ ಹೇಳುವ ರೂಢಿಯಿದೆ. ದೇಹದ ಸಾಧನೆಯನ್ನೂ ಬುದ್ಧಿಯ ಸಾಧನೆಯನ್ನೂ ಭಾಷೆಯು ಹೀಗೆ ಒಂದೇ ಮಾತಿನಲ್ಲಿ ಹಿಡಿದಿಟ್ಟಿದ್ದರೂ ಶಾಲೆಯ ವೇಳಾಪಟ್ಟಿಯು ಅವೆರಡನ್ನು ಬೇರೆ ಬೇರೆ ಅವಧಿಗಳಿಗೆ ಹಂಚಿದೆ. ಆಟದ ಅವಧಿಯಲ್ಲಿ ದೇಹಕ್ಕೆ ಕೆಲಸ, ಭಾಷೆಯ ಅವಧಿಯಲ್ಲಿ ದೇಹಕ್ಕೆ ಮೌನ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಅನೇಕ ಮಕ್ಕಳಿಗೆ ಶಾಲೆಯೊಳಗೆ ಪರಿಚಯವಾಗುವ ಮೊದಲ ಕಸರತ್ತು ಬಸ್ಕಿ. ಅದೂ ಶಿಕ್ಷೆಯ ರೂಪದಲ್ಲಿ. ಮನೆಗೆಲಸ ಮರೆತುಬಂದ ಮಗು ಕಿವಿ ಹಿಡಿದುಕೊಂಡು, ಉಳಿದವರ ನಗೆಯ ನಡುವೆ ಬಸ್ಕಿ ಹೊಡೆಯುತ್ತದೆ. ತೊಡೆಗೆ ಬಲ ಕೊಡುವ ಉತ್ತಮ ವ್ಯಾಯಾಮವೊಂದು ಆ ಮಗುವಿನ ಮನಸ್ಸಿನಲ್ಲಿ ಅವಮಾನದ ಗುರುತಾಗಿ ಉಳಿಯುತ್ತದೆ. ಪ್ರಸ್ತುತ ಪಾಠವು ಆ ಗುರುತನ್ನು ಅಳಿಸುವ ಪ್ರಯತ್ನವನ್ನೂ ಒಳಗೊಂಡಿದೆ.

ಪಾಠದ ಉದ್ದೇಶಗಳು

1. ದೇಹಬಲದ ಸಾಧನೆಯು ಎಲ್ಲ ವಯಸ್ಸಿನ ಸ್ತ್ರೀಪುರುಷರಿಗೂ ಸಲ್ಲುವಂಥದೆಂಬುದನ್ನು ಉದಾಹರಣೆಗಳಿಂದ ಮನಗಾಣಿಸುವುದು.
2. ಗರಡಿ, ವ್ಯಾಯಾಮಗಳಿಗೆ ಸಂಬಂಧಿಸಿದ ಕನ್ನಡ ಶಬ್ದಗಳನ್ನು ನೆರೆಭಾಷೆಗಳ ಶಬ್ದಗಳೊಂದಿಗೆ ಹೋಲಿಸಿ ಕಲಿಸುವುದು.
3. ಕ್ರಿಯಾಪದಗಳ ಭೂತಕಾಲ ರೂಪಗಳನ್ನು ಅನುಭವದ ಮೂಲಕ ರೂಢಿಸುವುದು.
4. ಅಳತೆ, ದಾಖಲೆ, ಸಹನೆ ಎಂಬ ಗುಣಗಳನ್ನು ದಿನಚರಿ ಬರವಣಿಗೆಯಿಂದ ಬೆಳೆಸುವುದು.

ಪಾಠಭಾಗ

ಒಂದು: ಹಳೆಯ ಗರಡಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನ ಆಡಳಿತದಿಂದ ಅಡುಗೆಯವರೆಗೆ ಹಲವು ವಿಷಯಗಳನ್ನು ಹೇಳುವ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೂ ಒಂದು ಭಾಗ ಮೀಸಲಾಗಿದೆ. ಮಲ್ಲರು ಏನನ್ನು ಉಣ್ಣಬೇಕು, ಯಾವ ಬಗೆಯ ಶ್ರಮವನ್ನು ಮಾಡಬೇಕು ಎಂಬುದು ಅಲ್ಲಿದೆ. ಭಾರ ಹೊರುವ ಶ್ರಮ, ನಡೆದಾಡುವ ಶ್ರಮ, ನೀರಿನಲ್ಲಿ ಈಸುವ ಶ್ರಮ, ಕಂಬವನ್ನೇರುವ ಶ್ರಮ ಎಂದು ಅಭ್ಯಾಸಗಳನ್ನು ವಿಂಗಡಿಸಲಾಗಿದೆ. ಅಂದಿನ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸೊಲ್ಲಾಪುರ, ಅಕ್ಕಲಕೋಟೆ, ಪಶ್ಚಿಮ ತೆಲಂಗಾಣಗಳ ಕನ್ನಡ ಶಾಲೆಗಳಿಗೆ ಆ ಊರು ದೂರದ್ದಲ್ಲ.

ಮೈಸೂರು ಸೀಮೆಯಲ್ಲಿ ಗರಡಿಮನೆಗಳು, ಸೊಲ್ಲಾಪುರ–ಜತ್ತ ಸೀಮೆಯಲ್ಲಿ ತಾಲೀಮುಗಳು ಈ ಪರಂಪರೆಯನ್ನು ಮುಂದುವರಿಸಿದವು. ದಂಡ, ಬಸ್ಕಿ, ಗದೆ ತಿರುಗಿಸುವುದು, ಮಲ್ಲಕಂಬ, ಕಲ್ಲುಗುಂಡು ಎತ್ತುವುದು ಅಲ್ಲಿಯ ಮುಖ್ಯ ಅಭ್ಯಾಸಗಳು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಧಾನ್ಯದ ಚೀಲವನ್ನೂ ಎತ್ತುವ ಸ್ಪರ್ಧೆಗಳು ಈಗಲೂ ನಡೆಯುತ್ತವೆ. ಸಂಕ್ರಾಂತಿಯ ವೇಳೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಯನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ.

ಗರಡಿಗೆ ಬಂದ ಹುಡುಗನಿಗೆ ಉಸ್ತಾದನು ಮೊದಲ ದಿನವೇ ದೊಡ್ಡ ಗುಂಡನ್ನು ಎತ್ತಿಸುವುದಿಲ್ಲ. ಮಟ್ಟಿಯ ಮಣ್ಣನ್ನು ಅಗೆದು ಹದಗೊಳಿಸುವ ಕೆಲಸ ಮೊದಲು. ಬಳಿಕ ಎಣಿಸಿ ಹತ್ತು ದಂಡ, ಹತ್ತು ಬಸ್ಕಿ. ಎಣಿಕೆ ಮೆಲ್ಲಮೆಲ್ಲನೆ ಏರುತ್ತದೆ. ದೇಹವು ಒಗ್ಗಿಕೊಂಡ ಮೇಲೆಯೇ ಭಾರವನ್ನು ಹೆಚ್ಚಿಸಬೇಕೆಂಬ ಈ ತಿಳಿವಳಿಕೆಯು ಗರಡಿಯಲ್ಲಿ ಅನುಭವದಿಂದ ಬಂದದ್ದು.

ಎರಡು: ವೈದ್ಯನ ಲೆಕ್ಕ

ಇದೇ ತಿಳಿವಳಿಕೆಯನ್ನು ಲೆಕ್ಕಕ್ಕೆ ಇಳಿಸಿದವನು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾವೈದ್ಯ. ಹುಡುಗನಾಗಿದ್ದಾಗ ಆತ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದಿದ್ದನು. ದೇಹಕ್ಕೆ ಶ್ರಮ ಕೊಡಬಾರದೆಂಬ ಎಚ್ಚರಿಕೆಯ ನಡುವೆಯೂ ಆತ ಭಾರ ಎತ್ತುವುದನ್ನು ರೂಢಿಸಿಕೊಂಡು ಕಸುವನ್ನು ಮರಳಿ ಪಡೆದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಗಳು ಗಾಯಾಳು ಸೈನಿಕರಿಂದ ತುಂಬಿದ್ದವು. ಮೊಣಕಾಲಿಗೆ ಪೆಟ್ಟುಬಿದ್ದವರಿಗೆ ಹಗುರವಾದ ಚಲನೆಗಳನ್ನು ಬಹಳ ಸಲ ಮಾಡಿಸುವುದು ಅಂದಿನ ಪದ್ಧತಿ; ಅದರಿಂದ ಚೇತರಿಕೆ ನಿಧಾನವಾಗುತ್ತಿತ್ತು. ಡಿಲಾರ್ಮ್ ಅವರಿಂದ ಭಾರವನ್ನೇ ಎತ್ತಿಸಿದನು. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದನು.

ಮೂರು ವರ್ಷಗಳ ತರುವಾಯ ಆತ ಮತ್ತು ಆತನ ಸಹೋದ್ಯೋಗಿ ವಾಟ್ಕಿನ್ಸ್ ಸರಳಗೊಳಿಸಿದ ಕ್ರಮವು ಹೀಗಿದೆ. ರೋಗಿಯು ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರ ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಅದು 12 ಕಿಲೋ ಎಂದಿಟ್ಟುಕೊಂಡರೆ, ಅದರ ಅರ್ಧವಾದ 6 ಕಿಲೋ ಭಾರವನ್ನು ಹತ್ತು ಸಲ, ಮುಕ್ಕಾಲು ಭಾಗವಾದ 9 ಕಿಲೋ ಭಾರವನ್ನು ಹತ್ತು ಸಲ, ಕೊನೆಗೆ ಪೂರ್ಣ 12 ಕಿಲೋ ಭಾರವನ್ನು ಹತ್ತು ಸಲ ಎತ್ತಬೇಕು. ವಾರಕ್ಕೊಮ್ಮೆ ಮತ್ತೆ ಪರೀಕ್ಷಿಸಿ, ಹೊಸ ಮಿತಿಗೆ ತಕ್ಕಂತೆ ಭಾರವನ್ನು ಏರಿಸಬೇಕು. ಇಂದಿನ ವ್ಯಾಯಾಮಶಾಲೆಗಳಲ್ಲಿ ‘ಮೂರು ಸೆಟ್, ಹತ್ತು ಸಲ’ ಎಂದು ಕೇಳಿಬರುವ ಮಾತು ಬಹುಮಟ್ಟಿಗೆ ಈ ಕ್ರಮದ ಮುಂದುವರಿಕೆ.

ಅಭ್ಯಾಸದ ಮೊದಲ ಕೆಲವು ವಾರಗಳಲ್ಲಿ ಸ್ನಾಯುಗಳ ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ; ಆದರೂ ಕಸುವು ಏರುತ್ತದೆ. ಏಕೆಂದರೆ ಆ ಅವಧಿಯಲ್ಲಿ ಮುಖ್ಯವಾಗಿ ಕಲಿಯುತ್ತಿರುವುದು ನರಮಂಡಲ. ಇರುವ ಸ್ನಾಯುತಂತುಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ದುಡಿಸಿಕೊಳ್ಳುವ ಬಗೆಯನ್ನು ಅದು ಕಲಿಯುತ್ತದೆ. ಸ್ನಾಯುತಂತುಗಳು ದಪ್ಪಗಾಗುವುದು ಆನಂತರದ ಹಂತ. ಅದಕ್ಕೆ ಆಹಾರವೂ ನಿದ್ರೆಯೂ ಬಿಡುವಿನ ದಿನಗಳೂ ಬೇಕು. ಅಕ್ಷರಗಳನ್ನು ಕಲಿಯುವ ಮಗುವಿನ ಕೈಬರಹ ಬಹುದಿನ ಹಾಗೆಯೇ ಇದ್ದಂತೆ ಕಂಡರೂ ಒಳಗೆ ಕಲಿಕೆ ಸಾಗಿರುತ್ತದೆ ಎಂಬುದನ್ನು ಶಿಕ್ಷಕರು ಬಲ್ಲರು. ದೇಹದ ಕಲಿಕೆಯೂ ಅದೇ ಜಾಡಿನದು.

ಮೂರು: ತೊಂಬತ್ತರಲ್ಲಿ ಆರಂಭ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಎಲ್ಲ ಕನ್ನಡ ಮಕ್ಕಳೂ ಕೇಳಿರುತ್ತಾರೆ. ಚಿಕ್ಕಂದಿನಲ್ಲಿ ಕಲಿಯದ್ದು ಮುಂದೆ ಬಾರದು ಎಂಬುದು ಅದರ ಇಂಗಿತ. ನಡತೆಯ ವಿಷಯದಲ್ಲಿ ಗಾದೆ ನಿಜವಿರಬಹುದು. ಸ್ನಾಯುಗಳು ಮಾತ್ರ ಅದನ್ನು ಒಪ್ಪುವುದಿಲ್ಲ.

ಮನುಷ್ಯನ ಸ್ನಾಯುರಾಶಿಯು ನಡುವಯಸ್ಸಿನಿಂದ ಮೆಲ್ಲನೆ ಕರಗತೊಡಗುತ್ತದೆ. ಅರುವತ್ತರ ಬಳಿಕ ಇಳಿತದ ವೇಗ ಹೆಚ್ಚುತ್ತದೆ. ಮುದುಕರು ಜಾರಿ ಬೀಳುವುದಕ್ಕೆ, ಬಿದ್ದವರು ಮತ್ತೆ ಏಳಲಾಗದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ಮೇರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಆಕೆಯ ಸಂಗಡಿಗರು ಅಮೆರಿಕದ ಬಾಸ್ಟನ್ ನಗರದಲ್ಲಿ ವೃದ್ಧರ ಆರೈಕೆಯ ಸಂಸ್ಥೆಯೊಂದರಲ್ಲಿ ಒಂದು ಪ್ರಯೋಗ ಮಾಡಿದರು. ಅದರಲ್ಲಿ ಪಾಲ್ಗೊಂಡವರು ಹತ್ತು ಮಂದಿ; ಅವರ ಸರಾಸರಿ ವಯಸ್ಸು 90. ಎಂಟು ವಾರಗಳ ಕಾಲ, ವಾರಕ್ಕೆ ಮೂರು ದಿನ, ತಜ್ಞರ ಕಣ್ಗಾವಲಿನಲ್ಲಿ ಅವರ ಕಾಲುಗಳಿಗೆ ಭಾರದ ಅಭ್ಯಾಸ ಕೊಡಲಾಯಿತು. 1990ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅಭ್ಯಾಸವನ್ನು ಪೂರ್ಣಗೊಳಿಸಿದವರ ಕಾಲಿನ ಬಲವು ಸರಾಸರಿ ಶೇ. 174ರಷ್ಟು ಹೆಚ್ಚಿತು, ಅಂದರೆ ಮೊದಲಿದ್ದ ಬಲದ ಎರಡೂವರೆ ಪಟ್ಟಿಗಿಂತಲೂ ಮಿಗಿಲು. ಊರುಗೋಲು ಹಿಡಿದು ನಡೆಯುತ್ತಿದ್ದ ಇಬ್ಬರು ಅದನ್ನು ಬದಿಗಿಟ್ಟು ನಡೆದರು.

ಆ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಅಭ್ಯಾಸವನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಪಡೆದ ಬಲದಲ್ಲಿ ಸಾಕಷ್ಟು ಇಳಿದುಹೋಯಿತು. ಯಾವ ವಯಸ್ಸಿನಲ್ಲಾದರೂ ಆರಂಭಿಸಬಹುದು, ಆದರೆ ಯಾವ ವಯಸ್ಸಿನಲ್ಲೂ ಮುಗಿಸಿಬಿಡುವಂತಿಲ್ಲ ಎಂಬ ಎರಡು ಪಾಠಗಳನ್ನು ಈ ಒಂದೇ ಪ್ರಯೋಗ ಕಲಿಸುತ್ತದೆ. ಬದುಕಿನುದ್ದಕ್ಕೂ ನಡೆಯಬೇಕಾದ ಸಾಧನೆ ಎಂದು ಇದನ್ನು ಕರೆಯುವುದು ಅದಕ್ಕಾಗಿಯೇ.

ನಾಲ್ಕು: ಕಾದಂಬರಿಕಾರನ ವ್ಯಾಯಾಮಶಾಲೆ

ಬಲಕ್ಕೂ ಬುದ್ಧಿಗೂ ಹೊಂದಿಕೆಯಾಗದು ಎಂಬ ಅನಿಸಿಕೆಗೆ ಕನ್ನಡ ಸಾಹಿತ್ಯವೇ ಉತ್ತರ ಕೊಟ್ಟಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ (1897–1980) ಬೆಂಗಳೂರಿನಲ್ಲಿ ಹೆಸರಾಂತ ವ್ಯಾಯಾಮಶಾಲೆಯನ್ನು ನಡೆಸಿದವರು. ಅವರ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ 1930ರಲ್ಲಿ ಪ್ರಕಟವಾಯಿತು. ಊರಿಗೆ ಬರಲಾಗದವರಿಗೆ ಅವರು ಅಂಚೆಯ ಮೂಲಕವೂ ವ್ಯಾಯಾಮವನ್ನು ಕಲಿಸಿದರು. ಸೂರ್ಯನಮಸ್ಕಾರ, ಆಸನಗಳು ಮತ್ತು ಬಾರ್‌ಬೆಲ್ ಇವುಗಳನ್ನು ಒಂದಕ್ಕೊಂದು ಪೂರಕವಾಗಿ ಬಳಸಿದ್ದು ಅವರ ಕ್ರಮದ ವೈಶಿಷ್ಟ್ಯ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತರಾಗಿದ್ದ ಅಯ್ಯರ್, ಅವರ ನೆನಪುಗಳನ್ನೂ ಕನ್ನಡದಲ್ಲಿ ಬರೆದಿಟ್ಟರು. ಶಿಷ್ಯರ ತೋಳುಗಳನ್ನು ಹುರಿಗೊಳಿಸಿದ ಗುರುವೇ ಹೊಯ್ಸಳ ರಾಣಿಯ ಬದುಕನ್ನು ಸುದೀರ್ಘ ಕಾದಂಬರಿಯಾಗಿ ಹೆಣೆದರು.

ಬಲವು ಗಂಡಸರ ಸೊತ್ತೆಂಬ ಅನಿಸಿಕೆಯೂ ನಿಲ್ಲುವುದಿಲ್ಲ. ಆಂಧ್ರಪ್ರದೇಶದ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 69 ಕಿಲೋ ವಿಭಾಗದಲ್ಲಿ ಒಟ್ಟು 240 ಕಿಲೋ ಭಾರ ಎತ್ತಿ ಕಂಚಿನ ಪದಕ ಗೆದ್ದರು. ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳೆ ಅವರೇ. ಪದಕದ ಮಾತು ಹಾಗಿರಲಿ, ಬೀಸುಕಲ್ಲು ತಿರುಗಿಸಿ, ಒನಕೆ ಹಿಡಿದು ಕುಟ್ಟಿ, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆದ ಅಜ್ಜಿಯರ ಬಲಕ್ಕೆ ಯಾರೂ ಗರಡಿಯ ಹೆಸರು ಕೊಡಲಿಲ್ಲ. ಆ ದುಡಿಮೆಯಲ್ಲಿ ಬಿಡುವಿರಲಿಲ್ಲ, ಆಯ್ಕೆಯೂ ಇರಲಿಲ್ಲ. ಇಂದಿನ ಬಾಲಕಿಗೆ ಸಿಗಬೇಕಾದದ್ದು ತಾನೇ ಆರಿಸಿಕೊಂಡು ಬೆಳೆಸಿಕೊಳ್ಳುವ ಬಲ.

ಐದು: ಭಾರವು ಕಲಿಸುವ ಗುಣಗಳು

ಭಾರವು ಯಾರ ಮುಖವನ್ನೂ ನೋಡುವುದಿಲ್ಲ. 12 ಕಿಲೋ ಕಲ್ಲು ಸಿರಿವಂತನ ಮಗನಿಗೂ ಕೂಲಿಕಾರನ ಮಗಳಿಗೂ 12 ಕಿಲೋ. ಎತ್ತಲಾಗದ ದಿನ ನೆಪ ಹೇಳಿ ಪ್ರಯೋಜನವಿಲ್ಲ; ಭಾರವನ್ನು ಇಳಿಸಿ, ಮತ್ತೆ ಆರಂಭಿಸಬೇಕು. ಹೀಗೆ ಸೋಲನ್ನು ಮುಚ್ಚಿಡದೆ ಲೆಕ್ಕಕ್ಕೆ ಬರೆದುಕೊಳ್ಳುವ ರೂಢಿ ಬೆಳೆಯುತ್ತದೆ. ಕಳೆದ ತಿಂಗಳ ತನ್ನೊಡನೆ ಇಂದಿನ ತನ್ನನ್ನು ಹೋಲಿಸಿಕೊಳ್ಳುವ ಅಳತೆಗೋಲು ದೊರೆಯುತ್ತದೆ.

ಆದರೆ ಬಲವೊಂದೇ ಮನುಷ್ಯನನ್ನು ಸಜ್ಜನನನ್ನಾಗಿ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಬಲವನ್ನು ಬೆದರಿಕೆಗೆ ಬಳಸಿದವರ ಕಥೆಗಳು ಎಲ್ಲ ಊರುಗಳಲ್ಲಿಯೂ ಇವೆ. ಮಟ್ಟಿಗಿಳಿಯುವ ಮೊದಲು ಮಣ್ಣನ್ನು ಮುಟ್ಟಿ ನಮಸ್ಕರಿಸುವ, ಕುಸ್ತಿ ಮುಗಿದ ಬಳಿಕ ಎದುರಾಳಿಯ ಕೈ ಹಿಡಿಯುವ ಗರಡಿಯ ರೀತಿಗಳು ಈ ಅಪಾಯವನ್ನು ಅರಿತೇ ಹುಟ್ಟಿದಂತಿವೆ. ಬಲವನ್ನು ಎಲ್ಲಿ, ಯಾರಿಗಾಗಿ ಬಳಸಬೇಕೆಂಬ ವಿವೇಕವನ್ನು ಮನೆಯೂ ಶಾಲೆಯೂ ಕೂಡಿ ಕಲಿಸಬೇಕು.

ಶಬ್ದಾಭ್ಯಾಸ

ಗಡಿನಾಡಿನ ತರಗತಿಯಲ್ಲಿ ಒಂದೇ ವಸ್ತುವಿಗೆ ಹಲವು ಹೆಸರುಗಳು ಕೇಳಿಬರುತ್ತವೆ. ಅವುಗಳನ್ನು ತಪ್ಪೆಂದು ತಳ್ಳದೆ ಕರಿಹಲಗೆಯ ಮೇಲೆ ಸಾಲಾಗಿ ಬರೆಯುವುದು ಲೇಸು.

ಗರಡಿ: ಕುಸ್ತಿ, ಸಾಮುಗಳನ್ನು ಕಲಿಸುವ ಮನೆ. ಕಾಸರಗೋಡಿನ ತುಳು ಮನೆಮಾತಿನ ಮಗುವಿಗೆ ಗರಡಿ ಅಥವಾ ಗರೋಡಿ ಎಂದರೆ ಕೋಟಿ–ಚೆನ್ನಯರ ಗುಡಿ ಮೊದಲು ನೆನಪಿಗೆ ಬರುತ್ತದೆ. ಮಲಯಾಳದ ನೆರೆಯಲ್ಲಿ ಇದಕ್ಕೆ ಸಮೀಪವಾದುದು ಕಳರಿ.

ತಾಲೀಮು: ಅರಬ್ಬಿ ಮೂಲದಲ್ಲಿ ಬೋಧನೆ ಎಂಬ ಅರ್ಥದ ಪದ. ಸೊಲ್ಲಾಪುರದ ಕಡೆ ಕುಸ್ತಿಯ ಮನೆಗೆ ಈ ಹೆಸರು. ಕನ್ನಡ ರಂಗಭೂಮಿಯಲ್ಲಿ ನಾಟಕದ ಪೂರ್ವಾಭ್ಯಾಸಕ್ಕೂ ಇದೇ ಹೆಸರು.

ಸಾಮು: ದೇಹಸಾಧನೆಯ ಕಸರತ್ತು. ರಾಯದುರ್ಗ, ಮಡಕಶಿರಾಗಳ ಮಕ್ಕಳಿಗೆ ತೆಲುಗಿನ ‘ಸಾಮು ಗರಿಡಿ’ ಪರಿಚಿತವಿದ್ದೀತು. ಕನ್ನಡದೊಂದಿಗೆ ಅದರ ನಂಟನ್ನು ಅವರೇ ಗುರುತಿಸಲಿ.

ಗುಂಡು: ಎತ್ತುವ ದುಂಡುಕಲ್ಲು. ತಮಿಳುನಾಡಿನ ಹಳ್ಳಿಗಳಲ್ಲಿ ತರುಣರು ಬಲಪರೀಕ್ಷೆಗೆ ಎತ್ತುತ್ತಿದ್ದ ಕಲ್ಲಿಗೆ ಇಳವಟ್ಟಕ್ಕಲ್ ಎಂಬ ಹೆಸರಿದೆ. ನೀಲಗಿರಿಯ ತೋಡರ ಮಂದುಗಳಲ್ಲಿಯೂ ಇಂಥ ಕಲ್ಲುಗಳುಂಟು.

ಕಸುವು, ತ್ರಾಣ, ಬಲ, ಶಕ್ತಿ: ಸಮಾನಾರ್ಥಕಗಳಂತೆ ಕಂಡರೂ ಬಳಕೆಯಲ್ಲಿ ಭೇದವಿದೆ. ‘ಮಾತನಾಡಲೂ ತ್ರಾಣವಿಲ್ಲ’ ಎನ್ನುತ್ತೇವೆ, ‘ಭೂಮಿಯ ಕಸುವು’ ಎನ್ನುತ್ತೇವೆ, ‘ಜನಬಲ’ ಎನ್ನುತ್ತೇವೆ. ಪ್ರತಿ ಪದಕ್ಕೂ ವಿದ್ಯಾರ್ಥಿಗಳು ಸ್ವಂತ ವಾಕ್ಯ ರಚಿಸಬೇಕು.

ವ್ಯಾಕರಣಾಭ್ಯಾಸ: ಎತ್ತು, ತಳ್ಳು, ಬಾಗು, ಇಳಿಸು ಮುಂತಾದ ಧಾತುಗಳ ಭೂತಕಾಲ ರೂಪ ನೇರವಾಗಿ ಬರುತ್ತದೆ: ಎತ್ತಿದೆನು, ತಳ್ಳಿದೆನು, ಬಾಗಿದೆನು, ಇಳಿಸಿದೆನು. ಹೊರು, ಏಳು, ಬೀಳು, ನಿಲ್ಲು ಧಾತುಗಳಲ್ಲಿ ಧಾತುವೇ ರೂಪ ಬದಲಿಸುತ್ತದೆ: ಹೊತ್ತೆನು, ಎದ್ದೆನು, ಬಿದ್ದೆನು, ನಿಂತೆನು. ಮನೆಮಾತು ಬೇರೆಯಾದ ಮಕ್ಕಳು ಹೆಚ್ಚಾಗಿ ಎಡವುವುದು ಎರಡನೆಯ ಗುಂಪಿನಲ್ಲಿ. ಮುಂದಿನ ಚಟುವಟಿಕೆಯಲ್ಲಿ ಈ ರೂಪಗಳು ದಿನವೂ ಬಳಕೆಗೆ ಬರುತ್ತವೆ.

ತರಗತಿಯ ಚಟುವಟಿಕೆ: ಆರು ವಾರಗಳ ಕಸುವಿನ ದಿನಚರಿ

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, ಹತ್ತು ನಿಮಿಷ ಸಾಕು. ದೈಹಿಕ ಶಿಕ್ಷಕರಿದ್ದಲ್ಲಿ ಅವರೊಡನೆ ಕೂಡಿ ನಡೆಸಬೇಕು. ಅಭ್ಯಾಸಗಳು ಮೂರು: ಬೆಂಚಿನಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯುವುದು, ಪುಸ್ತಕದ ಚೀಲವನ್ನು ಬೆನ್ನು ನೇರವಾಗಿಟ್ಟು ಎತ್ತಿ ಹತ್ತು ಹೆಜ್ಜೆ ನಡೆದು ಇಳಿಸುವುದು. ಮೊದಲ ವಾರ ಪ್ರತಿಯೊಂದೂ ಎಂಟು ಸಲ. ಕಷ್ಟವಿಲ್ಲದೆ ಮಾಡಬಲ್ಲವರು ಮುಂದಿನ ವಾರ ಎರಡು ಸಲ ಹೆಚ್ಚಿಸಬಹುದು. ಆಗದವರು ಅದೇ ಎಣಿಕೆಯಲ್ಲಿ ಉಳಿಯಬಹುದು.

ಪ್ರತಿ ಅಭ್ಯಾಸದ ಬಳಿಕ ವಿದ್ಯಾರ್ಥಿಯು ತನ್ನ ದಿನಚರಿಯಲ್ಲಿ ಮೂರು ವಾಕ್ಯ ಬರೆಯಬೇಕು: ಏನು ಮಾಡಿದೆನು, ಎಷ್ಟು ಸಲ ಮಾಡಿದೆನು, ಹೇಗೆನಿಸಿತು. ‘ಹತ್ತು ಸಲ ಎದ್ದೆನು. ಚೀಲವನ್ನು ಹೊತ್ತೆನು. ಕೊನೆಯಲ್ಲಿ ತೊಡೆ ನಡುಗಿತು’ ಎಂಬಷ್ಟು ಸಾಕು. ಆರನೆಯ ವಾರದಲ್ಲಿ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಹೋಲಿಸಿ ಒಂದು ಪುಟದ ಪ್ರಬಂಧ ಬರೆಯಬೇಕು. ಎಣಿಕೆಯ ಬೆಳವಣಿಗೆಯೊಂದಿಗೆ ವಾಕ್ಯಗಳ ಬೆಳವಣಿಗೆಯೂ ಅಲ್ಲಿ ಕಾಣಿಸುತ್ತದೆ.

ಮನೆಯ ಕೆಲಸ: ವಿದ್ಯಾರ್ಥಿಯು ಅಜ್ಜ, ಅಜ್ಜಿ ಅಥವಾ ನೆರೆಯ ಹಿರಿಯರನ್ನು ಸಂದರ್ಶಿಸಬೇಕು. ಹರೆಯದಲ್ಲಿ ಅವರು ಎತ್ತುತ್ತಿದ್ದ ಭಾರಗಳು ಯಾವುವು, ಅವುಗಳಿಗೆ ಇದ್ದ ಹೆಸರುಗಳೇನು, ಇಂದು ಯಾವ ಕೆಲಸ ಕಷ್ಟವೆನಿಸುತ್ತದೆ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಹಿರಿಯರಿಂದ ಭಾರ ಎತ್ತಿಸಬಾರದು. ಅಭ್ಯಾಸ ಆರಂಭಿಸಬಯಸುವ ಹಿರಿಯರು ವೈದ್ಯರ ಸಲಹೆ ಪಡೆಯಬೇಕು.

ಶಿಕ್ಷಕರಿಗೆ ಸೂಚನೆಗಳು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ದೈಹಿಕ ಚಟುವಟಿಕೆ ನಡೆಸಬೇಕು. ವಾರದಲ್ಲಿ ಕನಿಷ್ಠ ಮೂರು ದಿನ ಅದರಲ್ಲಿ ಸ್ನಾಯು, ಮೂಳೆಗಳನ್ನು ಬಲಪಡಿಸುವ ಅಭ್ಯಾಸವಿರಬೇಕು. ವಯಸ್ಕರಿಗೆ ಸ್ನಾಯುಬಲದ ಅಭ್ಯಾಸ ವಾರಕ್ಕೆ ಎರಡು ದಿನವಾದರೂ ಬೇಕು. 65 ದಾಟಿದವರಿಗೆ ಸಮತೋಲನವನ್ನೂ ಬಲವನ್ನೂ ಕಾಯುವ ಅಭ್ಯಾಸ ವಾರಕ್ಕೆ ಮೂರು ದಿನ.

ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ನಂಬಿಕೆ ಹಲವೆಡೆ ಇದೆ. ಸರಿಯಾದ ಕ್ರಮ, ತಕ್ಕ ಭಾರ, ಹಿರಿಯರ ಮೇಲ್ವಿಚಾರಣೆ ಇದ್ದಲ್ಲಿ ಅಂಥ ಅಭ್ಯಾಸವು ಬೆಳವಣಿಗೆಯನ್ನು ತಡೆಯುವುದಿಲ್ಲವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಆದರೆ ಯಾರು ಅತಿ ಹೆಚ್ಚು ಎತ್ತುತ್ತಾರೆಂಬ ಸ್ಪರ್ಧೆಯನ್ನು ತರಗತಿಯಲ್ಲಿ ಏರ್ಪಡಿಸಕೂಡದು. ಉಸಿರು ಬಿಗಿಹಿಡಿಯದಂತೆ, ಬೆನ್ನು ಗೂನಾಗದಂತೆ ನೋಡಿಕೊಳ್ಳಬೇಕು. ಹೃದಯದ ತೊಂದರೆ, ಉಬ್ಬಸ, ರಕ್ತಹೀನತೆ ಇರುವ ಮಕ್ಕಳ ಪೋಷಕರೊಡನೆ ಮೊದಲೇ ಮಾತನಾಡಬೇಕು. ಹಸಿದು ಬಂದ ಮಗುವನ್ನು ಅಭ್ಯಾಸಕ್ಕೆ ಇಳಿಸಬಾರದು. ಮೈಕಟ್ಟನ್ನು ಕುರಿತ ಗೇಲಿಗೆ ಎಡೆಗೊಡಬಾರದು.

ಕೊನೆಯ ಸೂಚನೆ ಎಲ್ಲಕ್ಕಿಂತ ಮುಖ್ಯವಾದುದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷೆಯಾಗಿ ಬಸ್ಕಿ ಹೊಡೆಸುವ ಶಾಲೆಯಲ್ಲಿ ಈ ಪಾಠವನ್ನು ಬೋಧಿಸಿ ಫಲವಿಲ್ಲ. ನಿನ್ನೆ ತಪ್ಪಿಗೆ ದಂಡವಾಗಿದ್ದದ್ದು ಇಂದು ಗುಣಕ್ಕೆ ಸಾಧನವೆಂದರೆ ಮಗು ನಂಬುವುದಿಲ್ಲ. ಅಂಥ ರೂಢಿ ಇದ್ದ ಕಡೆ, ಶಿಕ್ಷಕರೇ ಮೊದಲ ದಿನ ಮಕ್ಕಳೊಡನೆ ನಿಂತು ಹತ್ತು ಬಸ್ಕಿ ಮಾಡಿ ಪಾಠವನ್ನು ಆರಂಭಿಸುವುದು ಒಳ್ಳೆಯದು. ಐವತ್ತು ದಾಟಿದ ಗುರುಗಳು ಬೆಂಚು ಹಿಡಿದು ಐದೇ ಮಾಡಿದರೂ ಸಾಕು. ಕಲಿಯುವುದಕ್ಕೆ ತಾವೂ ಬಂದಿದ್ದಾರೆಂದು ಮಕ್ಕಳಿಗೆ ತಿಳಿಯುತ್ತದೆ.

ಮೌಲ್ಯಮಾಪನ

1. ಗರಡಿಗೆ ಹೊಸದಾಗಿ ಬಂದವನಿಗೆ ಉಸ್ತಾದನು ಮೊದಲು ಯಾವ ಕೆಲಸಗಳನ್ನು ಕೊಡುತ್ತಾನೆ? ಏಕೆ?
2. ಹತ್ತು ಸಲ ಎತ್ತಬಲ್ಲ ಭಾರ 16 ಕಿಲೋ ಆದರೆ, ಡಿಲಾರ್ಮ್ ಕ್ರಮದಂತೆ ಮೂರು ಸುತ್ತುಗಳ ಭಾರಗಳೆಷ್ಟು?
3. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಬಾಸ್ಟನ್ನಿನ ಪ್ರಯೋಗದ ಹಿನ್ನೆಲೆಯಲ್ಲಿ ಚರ್ಚಿಸಿರಿ. ಗಾದೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ?
4. ಹೊರು, ಏಳು, ಬೀಳು, ನಿಲ್ಲು ಧಾತುಗಳನ್ನು ಭೂತಕಾಲದಲ್ಲಿ ಬಳಸಿ ಒಂದು ಚಿಕ್ಕ ಘಟನೆಯನ್ನು ಬರೆಯಿರಿ.
5. ನಿಮ್ಮ ಊರಿನಲ್ಲಿ ಗರಡಿ, ತಾಲೀಮು, ಕಳರಿ ಅಥವಾ ಎತ್ತುವ ಕಲ್ಲು ಇದೆಯೆ? ಅದರ ಬಗ್ಗೆ ಹಿರಿಯರಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.

ಉತ್ತರಗಳನ್ನು ತಿದ್ದುವಾಗ ಶಿಕ್ಷಕರು ಎಣಿಕೆಗೆ ಅಂಕ ಕೊಡಬಾರದು. ಎಂಟಕ್ಕೆ ಆರಂಭಿಸಿ ಹತ್ತಕ್ಕೆ ನಿಂತ ಮಗು, ಹದಿನೆಂಟು ಮುಟ್ಟಿದ ಮಗು ಇಬ್ಬರೂ ಆರು ವಾರ ತಪ್ಪದೆ ಬರೆದಿದ್ದರೆ ಇಬ್ಬರಿಗೂ ಪೂರ್ಣ ಅಂಕ ಸಲ್ಲಬೇಕು. ದಿನಚರಿಯ ಪುಸ್ತಕವನ್ನು ವರ್ಷದ ಕೊನೆಗೆ ಮಗುವಿಗೇ ಮರಳಿಸಬೇಕು. ಖಾಲಿ ಉಳಿದ ಪುಟಗಳನ್ನು ಮುಂದೆ ಮನೆಯಲ್ಲಿ ಅದೇ ತುಂಬಿಕೊಳ್ಳಲಿ.